ಕೊಟ್ಟ ಕನ್ನಡಕ ಎಲ್ಲಿ ಹೋಯಿತು?

ಪುಣೆ ಜಿಲ್ಲೆಯ ಹಳ್ಳಿಗಾಡಿನ ಪ್ರೌಢಶಾಲೆಗಳಲ್ಲಿ ನೇತ್ರ ತಪಾಸಣೆ ಮುಗಿದಿತ್ತು. ದೃಷ್ಟಿದೋಷ ಕಂಡ ಮಕ್ಕಳಿಗೆ ಕನ್ನಡಕವೂ ಸಿಕ್ಕಿತ್ತು. ಸಾಮಾನ್ಯವಾಗಿ ಇಂಥ ಕಾರ್ಯಕ್ರಮ ಇಲ್ಲಿಗೇ ಮುಗಿಯುತ್ತದೆ. ಹೊಸ ಕನ್ನಡಕ ಏರಿಸಿದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುತ್ತಾರೆ, ವರದಿಗೆ ಒಂದು ಸಂಖ್ಯೆ ಸೇರುತ್ತದೆ, ತಂಡ ಮುಂದಿನ ತಾಲ್ಲೂಕಿಗೆ ಹೊರಡುತ್ತದೆ. ಪುಣೆಯ ಮಕ್ಕಳ ನೇತ್ರತಜ್ಞ ಡಾ. ಪರೀಕ್ಷಿತ್ ಗೋಗಟೆ ಮತ್ತು ಸಂಗಡಿಗರು ಅಲ್ಲಿಗೆ ಬಿಡಲಿಲ್ಲ. ಆರು ತಿಂಗಳಿಂದ ಒಂದು ವರ್ಷದೊಳಗೆ ಕನ್ನಡಕ ಪಡೆದ ಮಕ್ಕಳನ್ನು ಮತ್ತೆ ಹುಡುಕಿಕೊಂಡು ಹೋದರು.

1018 ಮಕ್ಕಳು ಸಿಕ್ಕರು. ಅವರಲ್ಲಿ ಕನ್ನಡಕ ಹಾಕಿಕೊಂಡಿದ್ದವರು 300 ಮಂದಿ. ಅಂದರೆ ಶೇ 29.5.

ಉಳಿದ 718 ಮಕ್ಕಳನ್ನು ವಿಚಾರಿಸಿದಾಗ 492 ಮಂದಿ ‘ಮನೆಯಲ್ಲಿದೆ’ ಎಂದರು. 211 ಮಕ್ಕಳ ಬಳಿ ಕನ್ನಡಕವೇ ಇರಲಿಲ್ಲ. ಕಾರಣ ಕೇಳಿದಾಗ ಒಡೆದುಹೋಯಿತು, ಕಳೆದುಹೋಯಿತು, ಮರೆತು ಬಂದೆ ಎಂಬ ಉತ್ತರಗಳು ಬಂದವು. ಹಾಕಿಕೊಳ್ಳಲು ಇಷ್ಟವಿಲ್ಲ ಎಂದು ನೇರವಾಗಿ ಹೇಳಿದವರೂ ಇದ್ದರು. ಗೆಳೆಯರು ಚುಡಾಯಿಸುತ್ತಾರೆ ಎಂದವರೂ ಇದ್ದರು. 2013ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಆಫ್ತಾಲ್ಮಾಲಜಿ’ಯಲ್ಲಿ ಪ್ರಕಟವಾದ ಈ ಅಧ್ಯಯನ, ಸಮುದಾಯ ನೇತ್ರ ತಪಾಸಣೆ ನಡೆಸುವವರೆಲ್ಲ ಗೋಡೆಗೆ ಅಂಟಿಸಿಕೊಳ್ಳಬೇಕಾದಷ್ಟು ಮುಖ್ಯವಾದದ್ದು. ದೋಷವನ್ನು ಬೇಗ ಪತ್ತೆ ಹಚ್ಚಲು ನಾವು ಬೇಕಾದಷ್ಟು ಕಲಿತಿದ್ದೇವೆ. ಪತ್ತೆಯಾದ ಮೇಲೆ ಆ ಮಗುವಿಗೆ ನಿಜಕ್ಕೂ ಕಾಣಿಸುತ್ತಿದೆಯೇ ಎಂದು ನೋಡಲು ಇನ್ನೂ ಕಲಿಯುತ್ತಿದ್ದೇವೆ.

ಆರು ಮೀಟರ್ ದೂರದಿಂದ

ಶಾಲಾ ತಪಾಸಣೆಗೆ ದೊಡ್ಡ ಯಂತ್ರ ಬೇಕಿಲ್ಲ. ಬೆಳಕಿರುವ ವರಾಂಡ, ಆರು ಮೀಟರ್ ಜಾಗ, ಒಂದು ಹಾಳೆ ಸಾಕು. ಹಾಳೆಯ ಮೇಲೆ ಇಂಗ್ಲಿಷಿನ ‘ಇ’ ಅಕ್ಷರ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಿರುಗಿ ನಿಂತಿರುತ್ತದೆ. ಮಗು ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡು, ಅಕ್ಷರದ ಕಾಲುಗಳು ಯಾವ ಕಡೆಗಿವೆ ಎಂದು ಕೈಯಿಂದ ತೋರಿಸಬೇಕು. ಓದಲು ಬರಬೇಕಿಲ್ಲ. ಮರಾಠಿಯ ಮಗುವಿಗೂ ಕನ್ನಡದ ಮಗುವಿಗೂ ಒಂದೇ ಹಾಳೆ ಸಾಕು. ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರದ ಹರ್ಮನ್ ಸ್ನೆಲನ್ 1862ರಲ್ಲಿ ರೂಪಿಸಿದ ಅಕ್ಷರಪಟದ ಸಂತತಿ ಇದು. ಆರೋಗ್ಯವಂತ ಕಣ್ಣು ಒಂಬತ್ತು ಮೀಟರಿನಿಂದ ಗುರುತಿಸುವ ಸಾಲನ್ನು ಆರು ಮೀಟರಿನಿಂದಲೂ ಗುರುತಿಸಲಾಗದ ಮಗುವನ್ನು ಶಿಕ್ಷಕರು ಪಟ್ಟಿ ಮಾಡಿಕೊಳ್ಳುತ್ತಾರೆ. ಮುಂದಿನ ಕೆಲಸ ನೇತ್ರ ಸಹಾಯಕರದು ಅಥವಾ ಆಪ್ಟೊಮೆಟ್ರಿಸ್ಟರದು.

1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಶಾಲಾ ಶಿಕ್ಷಕರಿಗೆ ಇದನ್ನು ಕಲಿಸುತ್ತಾ ಬಂದಿದ್ದಾರೆ. ಶಿಕ್ಷಕರೇ ಏಕೆ? ಮಗು ಬಂದು ದೂರು ಹೇಳುವುದಿಲ್ಲ ಎಂಬುದೇ ಉತ್ತರ. ಹುಟ್ಟಿನಿಂದ ಮಸುಕಾಗಿಯೇ ನೋಡುತ್ತಿರುವ ಮಗು ಜಗತ್ತು ಇರುವುದೇ ಹಾಗೆ ಎಂದು ತಿಳಿದಿರುತ್ತದೆ. ಕಪ್ಪುಹಲಗೆ ಕಾಣದಿದ್ದರೆ ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುತ್ತದೆ. ಲೆಕ್ಕ ತಪ್ಪಿದರೆ ‘ಗಮನವಿಲ್ಲ’ ಎಂಬ ಬೈಗುಳ ಕಾದಿರುತ್ತದೆ. ಮನೆಯವರಿಗೆ ಗೊತ್ತಾಗುವ ಹೊತ್ತಿಗೆ ಎರಡು ಮೂರು ತರಗತಿ ದಾಟಿರುತ್ತವೆ.

ಒಂದೇ ಕಣ್ಣಿನಲ್ಲಿ ದೋಷ ಇದ್ದರೆ ಇನ್ನೂ ಕಷ್ಟ. ಒಳ್ಳೆಯ ಕಣ್ಣೊಂದೇ ಎರಡರ ಕೆಲಸವನ್ನೂ ಮಾಡಿಬಿಡುವುದರಿಂದ ಮಗುವಿನ ನಡಿಗೆ, ಆಟ, ಓದು ಎಲ್ಲವೂ ಸರಿಯಾಗಿಯೇ ಕಾಣುತ್ತವೆ. ಅತ್ತ ಮೆದುಳು ಮಸುಕಾದ ಕಣ್ಣಿನ ಚಿತ್ರವನ್ನು ಕಡೆಗಣಿಸುತ್ತಾ ಹೋಗುತ್ತದೆ. ಕೊನೆಗೆ ಆ ಕಣ್ಣಿಗೆ ಸರಿಯಾದ ಕನ್ನಡಕ ಕೊಟ್ಟರೂ ಪೂರ್ತಿ ಕಾಣುವುದಿಲ್ಲ. ಇದನ್ನೇ ಸೋಮಾರಿ ಕಣ್ಣು ಎನ್ನುವುದು. ಏಳೆಂಟು ವರ್ಷದೊಳಗೆ ಗುರುತಿಸಿ, ಕನ್ನಡಕ ಹಾಕಿಸಿ, ಒಳ್ಳೆಯ ಕಣ್ಣನ್ನು ದಿನಕ್ಕಿಷ್ಟು ಹೊತ್ತು ಎಂದು ಮುಚ್ಚಿಟ್ಟರೆ ಚೇತರಿಕೆಯ ಸಾಧ್ಯತೆ ಚೆನ್ನಾಗಿರುತ್ತದೆ. ತಡವಾದಷ್ಟೂ ಆ ಸಾಧ್ಯತೆ ಕುಗ್ಗುತ್ತದೆ. ಒಂದೊಂದೇ ಕಣ್ಣು ಮುಚ್ಚಿಸಿ ನೋಡುವ ಶಾಲಾ ತಪಾಸಣೆಯ ನಿಜವಾದ ಬೆಲೆ ಇರುವುದು ಇಲ್ಲಿ.

ಪುಣೆಯ ಎಚ್.ವಿ. ದೇಸಾಯಿ ಕಣ್ಣಿನ ಆಸ್ಪತ್ರೆಯ ವೈದ್ಯರ ತಂಡವೊಂದು 2004-05ರ ಶಾಲಾ ತಪಾಸಣೆಯ ದಾಖಲೆಗಳನ್ನು ವಿಶ್ಲೇಷಿಸಿ 2009ರಲ್ಲಿ ಪ್ರಕಟಿಸಿತು. 6ರಿಂದ 15 ವರ್ಷದ ನಗರದ 5021 ಮಕ್ಕಳು, ಹಳ್ಳಿಯ 7401 ಮಕ್ಕಳು ಅದರಲ್ಲಿದ್ದರು. ಸರಿಪಡಿಸದೆ ಉಳಿದ ದೃಷ್ಟಿದೋಷ ನಗರದಲ್ಲಿ ಶೇ 5.46, ಹಳ್ಳಿಯಲ್ಲಿ ಶೇ 2.63. ಸೋಮಾರಿ ಕಣ್ಣು ನಗರದಲ್ಲಿ ಶೇ 0.8, ಹಳ್ಳಿಯಲ್ಲಿ ಶೇ 0.2. ಆಸ್ಪತ್ರೆ, ಕನ್ನಡಕದ ಅಂಗಡಿ ಎಲ್ಲ ಹತ್ತಿರವಿರುವ ನಗರದಲ್ಲೇ ಸರಿಪಡಿಸದ ದೋಷ ಹಳ್ಳಿಯ ಎರಡು ಪಟ್ಟು ಇತ್ತು! ಹತ್ತಿರದಲ್ಲಿ ಅಂಗಡಿ ಇದ್ದ ಮಾತ್ರಕ್ಕೆ ಯಾರೂ ಮಗುವನ್ನು ಅಲ್ಲಿಗೆ ಕರೆದೊಯ್ದಿರುವುದಿಲ್ಲ.

ಬಯಲು ಶಿಬಿರದಿಂದ ಆಸ್ಪತ್ರೆಯ ಬಸ್ಸಿಗೆ

ಸಮುದಾಯ ನೇತ್ರಚಿಕಿತ್ಸೆ ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವ ಹೆಸರು ಡಾ. ಎಂ.ಸಿ. ಮೋದಿ. ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿ, 2005ರಲ್ಲಿ ತೀರಿಕೊಳ್ಳುವವರೆಗೆ ಅವರು ಊರೂರು ತಿರುಗಿ ನಡೆಸಿದ ಶಿಬಿರಗಳಿಗೆ ಲೆಕ್ಕವಿಲ್ಲ. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದಕ್ಕೆ ಅವರ ಹೆಸರು ಗಿನ್ನೆಸ್ ದಾಖಲೆ ಸೇರಿತು. ಆಸ್ಪತ್ರೆ ಎಂಬುದು ಜಿಲ್ಲಾ ಕೇಂದ್ರದಲ್ಲಷ್ಟೇ ಇದ್ದ ಕಾಲದಲ್ಲಿ ಶಾಲೆ, ಛತ್ರ, ಚಪ್ಪರಗಳೇ ಶಸ್ತ್ರಚಿಕಿತ್ಸಾ ಕೊಠಡಿಗಳಾದವು.

ಆ ಕಾಲದ ಶಸ್ತ್ರಚಿಕಿತ್ಸೆಯಲ್ಲಿ ಪೊರೆಗಟ್ಟಿದ ಮಸೂರವನ್ನು ತೆಗೆದುಹಾಕುತ್ತಿದ್ದರು. ಅದರ ಜಾಗಕ್ಕೆ ಬೇರೆ ಮಸೂರ ಕೂರಿಸುವ ಪದ್ಧತಿ ಇನ್ನೂ ಬಂದಿರಲಿಲ್ಲ. ಹಾಗಾಗಿ ರೋಗಿಗೆ ದಪ್ಪ ಗಾಜಿನ ಕನ್ನಡಕ ಬೇಕೇ ಬೇಕು. ಅಜ್ಜ ಅಜ್ಜಿಯರ ಮುಖದ ಮೇಲೆ ಹಳೆಯ ತಲೆಮಾರಿನವರು ನೋಡಿರುವ ‘ಸೋಡಾಬುಡ್ಡಿ’ ಅದೇ. ಆ ಕನ್ನಡಕ ಬಿದ್ದು ಒಡೆದರೆ, ಸಂತೆಯಲ್ಲಿ ಕಳೆದರೆ, ಶಸ್ತ್ರಚಿಕಿತ್ಸೆ ಯಶಸ್ವಿಯಾಗಿದ್ದರೂ ಆತ ಮತ್ತೆ ಕುರುಡ. ಕನ್ನಡಕ ಇಲ್ಲವಾದರೆ ಚಿಕಿತ್ಸೆಯೂ ಇಲ್ಲವಾಗುತ್ತದೆ ಎಂಬ ಪಾಠ ಇಂದು ನಿನ್ನೆಯದಲ್ಲ.

ಮುಂದೆ ಕಣ್ಣೊಳಗೆ ಕೃತಕ ಮಸೂರ ಕೂರಿಸುವ ವಿಧಾನ ಬಂತು. ಸೋಂಕಿನ ಭಯದಿಂದ ಬಯಲು ಶಿಬಿರದ ಶಸ್ತ್ರಚಿಕಿತ್ಸೆ ಹಿಂದೆ ಸರಿಯಿತು. ವಿಶ್ವಬ್ಯಾಂಕ್ ನೆರವಿನಿಂದ 1994ರಿಂದ 2002ರವರೆಗೆ ಮಹಾರಾಷ್ಟ್ರವೂ ಸೇರಿ ಏಳು ರಾಜ್ಯಗಳಲ್ಲಿ ನಡೆದ ಯೋಜನೆ ಈ ಬದಲಾವಣೆಗೆ ವೇಗ ಕೊಟ್ಟಿತು. ಈಗಿನ ಶಿಬಿರದಲ್ಲಿ ತಪಾಸಣೆಯಷ್ಟೇ ನಡೆಯುತ್ತದೆ. ಪೊರೆ ಇದ್ದವರನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆತಂದು, ಶಸ್ತ್ರಚಿಕಿತ್ಸೆ ಮಾಡಿ, ಮತ್ತೆ ಊರಿಗೆ ಬಿಟ್ಟುಬರುತ್ತಾರೆ.

ಪುಣೆಯಲ್ಲಿ ಈ ಮಾದರಿಯ ದೊಡ್ಡ ಹೆಸರು ಹಡಪ್ಸರ್ ಬಳಿಯ ಮೊಹಮ್ಮದ್‌ವಾಡಿಯಲ್ಲಿರುವ ಎಚ್.ವಿ. ದೇಸಾಯಿ ಆಸ್ಪತ್ರೆ. ಅದನ್ನು ಕಟ್ಟಿದ್ದು ಪೂನಾ ಬ್ಲೈಂಡ್ ಮೆನ್ಸ್ ಅಸೋಸಿಯೇಷನ್. 1952ರಲ್ಲಿ ಹುಟ್ಟಿದ ಈ ಸಂಸ್ಥೆ ದಶಕಗಳ ಕಾಲ ದೃಷ್ಟಿಹೀನರ ಪುನರ್ವಸತಿಗೆ ದುಡಿಯಿತು. ದೃಷ್ಟಿ ಕಳೆದುಕೊಂಡವರಿಗೆ ಬದುಕು ಕಟ್ಟಿಕೊಡುತ್ತಿದ್ದವರೇ ಆಮೇಲೆ ದೃಷ್ಟಿ ಹೋಗದಂತೆ ತಡೆಯಲು ಆಸ್ಪತ್ರೆ ತೆರೆದರು. ಕರ್ನಲ್ ಡಾ. ಮದನ್ ದೇಶಪಾಂಡೆ ಅದರ ಚುಕ್ಕಾಣಿ ಹಿಡಿದವರಲ್ಲಿ ಪ್ರಮುಖರು.

ಅಲ್ಲಿಯೇ ಪೊರೆ ಇದ್ದ 741 ರೋಗಿಗಳ ಮೇಲೆ ನಡೆದ ಪ್ರಯೋಗವೊಂದು 2003ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಆಫ್ತಾಲ್ಮಾಲಜಿ’ಯಲ್ಲಿ ಪ್ರಕಟವಾಯಿತು. ಹೊಲಿಗೆ ಹಾಕುವ ಹಳೆಯ ವಿಧಾನವನ್ನೂ ಹೊಲಿಗೆ ಬೇಡದ ಸಣ್ಣ ಗಾಯದ ವಿಧಾನವನ್ನೂ ಹೋಲಿಸಿ ನೋಡಿದರು. ಆರು ವಾರದ ಬಳಿಕ ಕನ್ನಡಕವಿಲ್ಲದೆ 6/18 (ಆರೋಗ್ಯವಂತ ಕಣ್ಣು 18 ಮೀಟರಿನಿಂದ ಗುರುತಿಸುವುದನ್ನು ಆರು ಮೀಟರಿನಿಂದ) ಅಥವಾ ಅದಕ್ಕಿಂತ ಚೆನ್ನಾಗಿ ಕಾಣುತ್ತಿದ್ದವರು ಸಣ್ಣ ಗಾಯದ ಗುಂಪಿನಲ್ಲಿ ಶೇ 47.9, ಹಳೆಯ ವಿಧಾನದಲ್ಲಿ ಶೇ 37.3. ದುಬಾರಿ ಯಂತ್ರ ಬೇಡದ ಈ ವಿಧಾನ ಬಡ ದೇಶಗಳಿಗೆ ಹೇಳಿ ಮಾಡಿಸಿದಂತಿತ್ತು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಹೋದವರಿಗೆ ಎಷ್ಟು ಕಾಣಿಸುತ್ತಿದೆ ಎಂದು ಆರು ವಾರದ ನಂತರ ಕರೆದು ಕೇಳಿದ್ದರಿಂದಲೇ ಇದು ತಿಳಿಯಿತು.

ದೇಶದ ಚಿತ್ರವೂ ಬದಲಾಗಿದೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಅಂಧತ್ವದ ಪ್ರಮಾಣ ಶೇ 0.36ಕ್ಕೆ ಇಳಿದಿದೆ. ಐವತ್ತು ದಾಟಿದವರ ಅಂಧತ್ವದಲ್ಲಿ ಶೇ 66.2ರಷ್ಟಕ್ಕೆ ಇಂದಿಗೂ ಪೊರೆಯೇ ಕಾರಣ.

ಮೂವತ್ತು ದಿನದ ಗಡುವು

ಕನ್ನಡಕದ ವಿಷಯದಲ್ಲಿ ಒಂದು ವರ್ಷ ತಡವಾದರೆ ಒಂದು ವರ್ಷದ ಓದು ಹಿಂದೆ ಬೀಳಬಹುದು. ಅವಧಿಗೆ ಮುನ್ನ ಹುಟ್ಟಿದ ಕೂಸಿನ ವಿಷಯದಲ್ಲಿ ಲೆಕ್ಕ ವಾರಗಳದ್ದು.

ಅಕ್ಷಿಪಟದ ರಕ್ತನಾಳಗಳು ತಾಯಿಯ ಗರ್ಭದಲ್ಲಿ ಕೊನೆಯ ತಿಂಗಳವರೆಗೂ ಬೆಳೆಯುತ್ತಿರುತ್ತವೆ. ಏಳು, ಏಳೂವರೆ ತಿಂಗಳಿಗೇ ಹುಟ್ಟಿದ ಮಗುವಿನಲ್ಲಿ ಆ ಬೆಳವಣಿಗೆ ಅರ್ಧಕ್ಕೆ ನಿಂತಿರುತ್ತದೆ. ಜೀವ ಉಳಿಸಲು ಕೊಡುವ ಆಮ್ಲಜನಕ ಹೆಚ್ಚುಕಡಿಮೆಯಾದರೆ, ನಾಳಗಳು ಹೊರಗಿನ ಜಗತ್ತಿನಲ್ಲಿ ಅಡ್ಡಾದಿಡ್ಡಿ ಬೆಳೆದು ಅಕ್ಷಿಪಟವನ್ನೇ ಕಿತ್ತು ಎಳೆಯುತ್ತವೆ. ಇದನ್ನು ‘ರೆಟಿನೋಪಥಿ ಆಫ್ ಪ್ರಿಮೆಚುರಿಟಿ’, ಚಿಕ್ಕದಾಗಿ ‘ಆರ್‌ಒಪಿ’ ಎನ್ನುತ್ತಾರೆ. 34 ವಾರಕ್ಕೆ ಮುನ್ನ ಹುಟ್ಟಿದ, ಅಥವಾ ಎರಡು ಕೆ.ಜಿ.ಗಿಂತ ಕಡಿಮೆ ತೂಕದ ಮಗುವಿನ ಕಣ್ಣನ್ನು ಹುಟ್ಟಿದ 30 ದಿನದೊಳಗೆ ಒಮ್ಮೆ ನೋಡಲೇಬೇಕು ಎನ್ನುತ್ತವೆ ಭಾರತದ ಮಾರ್ಗಸೂಚಿಗಳು. ಸಕಾಲದಲ್ಲಿ ಕಂಡರೆ ಲೇಸರ್ ಚಿಕಿತ್ಸೆಯಿಂದ ದೃಷ್ಟಿ ಉಳಿಸಬಹುದು. ಕೊನೆಯ ಹಂತ ಮುಟ್ಟಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿದರೂ ಹೆಚ್ಚೇನೂ ದಕ್ಕುವುದಿಲ್ಲ.

ಇದರಲ್ಲೊಂದು ಕಟು ಸತ್ಯವಿದೆ. ಆಸ್ಪತ್ರೆಗಳು ಸುಧಾರಿಸಿದಂತೆ ಈ ಕಾಯಿಲೆ ಹೆಚ್ಚಾಯಿತು. ಹಿಂದೆ ಉಳಿಯದಿದ್ದ ಒಂದು ಕೆ.ಜಿ.ಯ ಕೂಸು ಈಗ ನವಜಾತ ಶಿಶು ಘಟಕದಲ್ಲಿ ಬದುಕುತ್ತದೆ. ಆದರೆ ಅದರ ಕಣ್ಣು ನೋಡುವ ವೈದ್ಯರು ಆ ಘಟಕಕ್ಕೆ ಬರುವುದಿಲ್ಲ. ಎಚ್.ವಿ. ದೇಸಾಯಿ ಆಸ್ಪತ್ರೆಯ ಡಾ. ಸುಚೇತಾ ಕುಲಕರ್ಣಿ ಮತ್ತು ಸಂಗಡಿಗರು, ಹೀಗೆ ಎರಡೂ ಕಣ್ಣು ಕಳೆದುಕೊಂಡೋ ಕಳೆದುಕೊಳ್ಳುವ ಹಂತಕ್ಕೆ ಬಂದೋ ತಮ್ಮಲ್ಲಿಗೆ ತಲುಪಿದ ಶಿಶುಗಳ ಹಿನ್ನೆಲೆ ಕೆದಕಿದರು. 2018ರಲ್ಲಿ ‘ಇಂಡಿಯನ್ ಪೀಡಿಯಾಟ್ರಿಕ್ಸ್’ನಲ್ಲಿ ಬಂದ ಆ ವರದಿಯಲ್ಲಿ ಕಾಣುವುದು ತಂದೆತಾಯಿಯರ ಉದಾಸೀನವಲ್ಲ. ಬಹುತೇಕ ಕೂಸುಗಳ ಕಣ್ಣನ್ನು ಸಕಾಲದಲ್ಲಿ ಯಾರೂ ನೋಡಿರಲಿಲ್ಲ. ನೋಡಿಸಬೇಕು ಎಂದು ಮನೆಯವರಿಗೆ ಹೇಳಿದವರೂ ಇರಲಿಲ್ಲ.

ಕರ್ನಾಟಕ ಇದಕ್ಕೆ ಬೇರೊಂದು ದಾರಿ ಹುಡುಕಿತು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ನೇತೃತ್ವದಲ್ಲಿ 2008ರಲ್ಲಿ ‘ಕಿಡ್‌ರಾಪ್’ ಎಂಬ ಯೋಜನೆ ಶುರುವಾಯಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗುತ್ತಾರೆ, ಅಕ್ಷಿಪಟದ ಚಿತ್ರ ತೆಗೆಯುತ್ತಾರೆ. ಅಂತರ್ಜಾಲದಲ್ಲಿ ಬಂದ ಚಿತ್ರವನ್ನು ತಜ್ಞರು ಕೂತಲ್ಲೇ ನೋಡಿ, ಯಾವ ಮಗುವಿಗೆ ಚಿಕಿತ್ಸೆ ತುರ್ತು ಎಂದು ಹೇಳುತ್ತಾರೆ. ವೈದ್ಯರಲ್ಲದವರೂ ನಂಬಿಕಸ್ಥವಾಗಿ ಈ ಕೆಲಸ ಮಾಡಬಲ್ಲರು ಎಂದು ತೋರಿಸಿದ್ದು ಅದರ ಹೆಚ್ಚುಗಾರಿಕೆ.

ರಾಷ್ಟ್ರಮಟ್ಟದಲ್ಲಿ 2013ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಿಂದಲೇ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾಯಿತು. ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್ ಇರುವ ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಹೋಗಬೇಕು. ಹುಟ್ಟು ಪೊರೆ, ಆರ್‌ಒಪಿ, ದೃಷ್ಟಿದೋಷ ಎಲ್ಲವೂ ಅದರ ಪಟ್ಟಿಯಲ್ಲಿವೆ.

ಏಕೆ ಹಾಕಲಿಲ್ಲ?

ಪುಣೆಯ 718 ಮಕ್ಕಳ ಕಡೆಗೆ ಬರೋಣ. ಅವರನ್ನು ಬೈಯುವ ಮೊದಲು ಅಧ್ಯಯನದ ಇನ್ನೊಂದು ಭಾಗ ನೋಡಬೇಕು. ದೋಷ ಹೆಚ್ಚಿದ್ದ ಮಕ್ಕಳಲ್ಲಿ ಕನ್ನಡಕ ಹಾಕಿಕೊಳ್ಳುವವರೂ ಹೆಚ್ಚಿದ್ದರು. ಬಿಟ್ಟವರಲ್ಲಿ ಹೆಚ್ಚಿನವರು ಕಡಿಮೆ ನಂಬರಿನವರು. ಸಮೀಪದೃಷ್ಟಿ ಇದ್ದ, ಅಂದರೆ ದೂರದ್ದು ಕಾಣದ 499 ಮಕ್ಕಳನ್ನಷ್ಟೇ ತೆಗೆದುಕೊಂಡರೆ ಹಾಕಿಕೊಂಡಿದ್ದವರ ಪ್ರಮಾಣ ಶೇ 44ಕ್ಕೆ ಏರಿತು. ಕನ್ನಡಕ ಹಾಕಿದರೂ ತೆಗೆದರೂ ಹಲಗೆ ಒಂದೇ ಥರ ಕಾಣುವ ಮಗು ಅದನ್ನು ಪೆಟ್ಟಿಗೆಯಲ್ಲಿ ಇಟ್ಟರೆ ತಪ್ಪು ಮಗುವಿನದಲ್ಲ, ಬರೆದುಕೊಟ್ಟವರದು. ಹಂಚಿದ ಸಂಖ್ಯೆಯೇ ಸಾಧನೆ ಎನಿಸಿದಾಗ ಬೇಕಿಲ್ಲದವರ ಕೈಗೂ ಕನ್ನಡಕ ಹೋಗುತ್ತದೆ.

ತಂದೆಯ ಓದು ಹೆಚ್ಚಿದ್ದಂತೆ ಮಗುವಿನ ಕನ್ನಡಕದ ಬಳಕೆಯೂ ಹೆಚ್ಚಿತ್ತು. ಅಚ್ಚರಿ ಎಂದರೆ ಹುಡುಗರಿಗಿಂತ ಹುಡುಗಿಯರೇ ಹೆಚ್ಚು ಹಾಕಿಕೊಳ್ಳುತ್ತಿದ್ದರು. ‘ಕನ್ನಡಕದ ಹುಡುಗಿಗೆ ಗಂಡು ಸಿಗುವುದು ಕಷ್ಟ’ ಎಂಬ ಹಿರಿಯರ ಮಾತು ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಕೇಳಿಬರುವಂಥದ್ದೇ. ಆದರೆ ಪುಣೆಯ ಹಳ್ಳಿಯ ಶಾಲಾ ಹುಡುಗಿಯರು ಅದನ್ನು ಕಿವಿಗೆ ಹಾಕಿಕೊಂಡಂತಿಲ್ಲ. ಚುಡಾಯಿಸುವವರಿಗೆ ಎಲ್ಲ ಭಾಷೆಯಲ್ಲೂ ಪದ ಸಿದ್ಧ. ಅಲ್ಲಿ ‘ಚಷ್ಮಿಷ್’, ಇಲ್ಲಿ ‘ಸೋಡಾಬುಡ್ಡಿ’.

ಮಕ್ಕಳು ಕನ್ನಡಕ ಹಾಕುವಂತೆ ಮಾಡುವುದು ಹೇಗೆ ಎಂಬುದಕ್ಕೆ ಒಂದು ಉತ್ತರ ಬೆಂಗಳೂರಿನ ಕಡೆಯಿಂದ ಬಂತು. ಲಂಡನ್ನಿನ ಸಂಶೋಧಕಿ ಪ್ರಿಯಾ ಮೊರ್ಜಾರಿಯಾ ಮತ್ತು ತಂಡ ಶಂಕರ ಕಣ್ಣಿನ ಆಸ್ಪತ್ರೆಯ ಜೊತೆಗೂಡಿ 2015ರಲ್ಲಿ ಬೆಂಗಳೂರು ಮತ್ತು ಸುತ್ತಲಿನ ಸರ್ಕಾರಿ ಶಾಲೆಗಳಲ್ಲಿ 11ರಿಂದ 15 ವರ್ಷದ 23,345 ಮಕ್ಕಳನ್ನು ತಪಾಸಿಸಿತು. ಕನ್ನಡಕ ಹಾಕಿದರೆ ಅಕ್ಷರಪಟದಲ್ಲಿ ಕನಿಷ್ಠ ಎರಡು ಸಾಲು ಹೆಚ್ಚು ಓದಬಲ್ಲ ಮಕ್ಕಳನ್ನೇ ಆರಿಸಿಕೊಂಡರು. ಕೊನೆಗೆ ಪ್ರಯೋಗಕ್ಕೆ ಸೇರಿದವರು 460 ಮಂದಿ. ಅರ್ಧ ಮಕ್ಕಳಿಗೆ ಅಳತೆ ಕೊಟ್ಟು ಮಾಡಿಸಿದ ಕನ್ನಡಕ, ಉಳಿದರ್ಧಕ್ಕೆ ಅಲ್ಲಿಯೇ ಕೊಡಬಹುದಾದ ಅಗ್ಗದ ಸಿದ್ಧ ಕನ್ನಡಕ. ಫ್ರೇಮನ್ನು ಮಕ್ಕಳೇ ಆಯ್ದುಕೊಂಡರು. ಮೂರು ನಾಲ್ಕು ತಿಂಗಳ ಬಳಿಕ ಮುಂಚೆ ಹೇಳದೆ ಶಾಲೆಗೆ ಹೋಗಿ ನೋಡಿದರೆ, ಎರಡೂ ಗುಂಪಿನಲ್ಲಿ ಸುಮಾರು ಮುಕ್ಕಾಲು ಪಾಲು ಮಕ್ಕಳು ಕನ್ನಡಕ ಬಳಸುತ್ತಿದ್ದರು.

ಪುಣೆಯ ಶೇ 29.5ಕ್ಕೂ ಬೆಂಗಳೂರಿನ ಮುಕ್ಕಾಲಿಗೂ ನೇರ ಹೋಲಿಕೆ ಸಲ್ಲದು. ಮರಳಿ ಹೋದ ಅವಧಿ ಬೇರೆ, ಮಕ್ಕಳು ಬೇರೆ. ಆದರೂ ಯಾರಿಗೆ ಕೊಡಬೇಕು ಎಂಬುದನ್ನು ಬಿಗಿ ಮಾಡಿದರೆ, ಯಾವುದು ಚೆಂದ ಎಂಬುದನ್ನು ಮಗುವಿಗೇ ಬಿಟ್ಟರೆ ಆಗುವ ಲಾಭ ಕಣ್ಣಿಗೆ ಕಾಣುವಷ್ಟಿದೆ. ಉಪದೇಶದಿಂದ ಆಗುವ ಲಾಭ ಅಷ್ಟಿಲ್ಲ. ಅದೇ ಸಂಶೋಧಕರು ಭಾರತದಲ್ಲೇ ಮಾಡಿದ ಇನ್ನೊಂದು ಪ್ರಯೋಗದಲ್ಲಿ ಮೊಬೈಲ್ ಮೂಲಕ ಪಾಲಕರಿಗೂ ಮಕ್ಕಳಿಗೂ ತಿಳಿವಳಿಕೆ ನೀಡಿದರು. 2020ರಲ್ಲಿ ಬಂದ ಫಲಿತಾಂಶ ನಿರಾಸೆಯದು. ಸಂದೇಶ ಪಡೆದ ಗುಂಪಿನಲ್ಲೂ ಪಡೆಯದ ಗುಂಪಿನಲ್ಲೂ ಅರ್ಧಕ್ಕಿಂತ ತುಸು ಹೆಚ್ಚು ಮಕ್ಕಳಷ್ಟೇ ಕನ್ನಡಕ ಹಾಕುತ್ತಿದ್ದರು.

ಪಟ್ಟಿಯಲ್ಲಿ ಇಲ್ಲದವರು

ಶಾಲೆಯಲ್ಲಿ ತಪಾಸಣೆ ಮಾಡಿದರೆ ಶಾಲೆಗೆ ಬರುವವರು ಸಿಗುತ್ತಾರೆ. ಪುಣೆಯಂಥ ಊರಿನಲ್ಲಿ ಬಾರದವರ ಸಂಖ್ಯೆ ಸಣ್ಣದಲ್ಲ. ಹಿಂಜೇವಾಡಿ, ವಾಘೋಲಿ, ಹಡಪ್ಸರ್ ಕಡೆ ಏಳುತ್ತಿರುವ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡುಗಳಿರುತ್ತವೆ. ಅಲ್ಲಿ ಮರಾಠವಾಡದವರ ಜೊತೆಗೆ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡವೂ ಕೇಳಿಸುತ್ತದೆ. ಕಟ್ಟಡ ಮುಗಿದರೆ ಶೆಡ್ಡು ಬೇರೆ ಕಡೆಗೆ. ಕಬ್ಬು ಕಡಿಯುವವರ ಮಕ್ಕಳು ದೀಪಾವಳಿಯ ಆಸುಪಾಸಿಗೆ ಗಾಡಿ ಹತ್ತಿದರೆ ಊರಿಗೆ ಮರಳುವುದು ಬೇಸಿಗೆಗೆ. ಜೂನ್‌ನಲ್ಲಿ ಪಟ್ಟಿಗೆ ಸೇರಿದ ಹೆಸರು ಕನ್ನಡಕ ಬರುವ ಹೊತ್ತಿಗೆ ಹಾಜರಿಯಲ್ಲಿ ಇರುವುದಿಲ್ಲ.

ವಿಶೇಷ ಶಾಲೆಗಳ ಮಕ್ಕಳದ್ದು ಇನ್ನೊಂದು ಬಗೆಯ ಗೈರುಹಾಜರಿ. ಕಲಿಕಾ ನ್ಯೂನತೆ, ಬುದ್ಧಿಮಾಂದ್ಯ ಇರುವ ಮಕ್ಕಳು ‘ಇ’ ಪಟ ತೋರಿಸಿದರೆ ಉತ್ತರಿಸದೆ ಹೋಗಬಹುದು. ಹಾಗಾಗಿ ಅವರ ಕಣ್ಣನ್ನು ಯಾರೂ ನೋಡುವುದಿಲ್ಲ. ಗೋಗಟೆ ಮತ್ತು ಸಂಗಡಿಗರು ಪುಣೆಯ ವಿಶೇಷ ಶಾಲೆಗಳಲ್ಲಿ ಮಾಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಣ್ಣಿನ ದೋಷ ಸಾಮಾನ್ಯ ಶಾಲೆಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಕಂಡಿತು. ಅದಕ್ಕೂ ಮುನ್ನ, ಮಹಾರಾಷ್ಟ್ರದ ಅಂಧಮಕ್ಕಳ ಶಾಲೆಗಳ ಸುಮಾರು ಎರಡು ಸಾವಿರ ಮಕ್ಕಳನ್ನು ನೋಡಿದ 2007ರ ಅಧ್ಯಯನದಲ್ಲಿ, ಕನ್ನಡಕ ಅಥವಾ ಭೂತಗನ್ನಡಿಯಂಥ ಸಾಧನ ಕೊಟ್ಟರೆ ಒಂದಿಷ್ಟು ಓದಬಲ್ಲ ಮಕ್ಕಳು ಬ್ರೈಲ್ ತರಗತಿಯಲ್ಲಿ ಕೂತಿದ್ದುದು ತಿಳಿಯಿತು.

ದೊಡ್ಡವರೂ ಈ ಪಟ್ಟಿಯಿಂದ ಹೊರಗೆ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಂಜಾಗುತ್ತದೆ. ಉತ್ತರ ಕರ್ನಾಟಕದಲ್ಲಾದರೆ ‘ಚಾಳೀಸು ಬೇಕಾಯ್ತು’ ಎಂದು ನಗುತ್ತಾರೆ. ಸೂಜಿಗೆ ದಾರ ಪೋಣಿಸುವ ದರ್ಜಿಗೆ, ಅಕ್ಕಿಯ ಕಲ್ಲು ಆರಿಸುವ ತಾಯಿಗೆ ನಗುವ ವಿಷಯವಲ್ಲ. ಅಸ್ಸಾಮಿನಲ್ಲಿ ಚಹಾ ಎಲೆ ಕೀಳುವ ನಲವತ್ತು ದಾಟಿದ 751 ಕಾರ್ಮಿಕರ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 2018ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಬಂತು. ಓದುವ ಕನ್ನಡಕ ಸಿಕ್ಕವರ ಉತ್ಪಾದಕತೆ, ಸಿಗದವರಿಗೆ ಹೋಲಿಸಿದರೆ, ಶೇ 21.7ರಷ್ಟು ಹೆಚ್ಚಿತು. ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಹಾದು ಬೆಂಗಳೂರಿಗೆ ಬರುವಂಥ ಹೆದ್ದಾರಿಗಳ ಲಾರಿ ಚಾಲಕರಿಗಾಗಿ ಸೈಟ್‌ಸೇವರ್ಸ್ ಸಂಸ್ಥೆ 2017ರಲ್ಲಿ ‘ರಾಹಿ’ ಹೆಸರಿನ ಕಾರ್ಯಕ್ರಮ ಶುರು ಮಾಡಿತು. ಒಂದೂರಿನಲ್ಲಿ ಕಣ್ಣು ತೋರಿಸಿದ ಚಾಲಕ ಮುಂದಿನೂರಿನ ಕೇಂದ್ರದಲ್ಲಿ ಕನ್ನಡಕ ಪಡೆಯುವ ಏರ್ಪಾಡು ಅದರದು. ಕಟ್ಟಡ ಕಾರ್ಮಿಕರ ಮಕ್ಕಳಿಗೂ ಬೇಕಾಗಿರುವುದು ಇಂಥದ್ದೇ.

ಇನ್ನು ನೋವೇ ಇಲ್ಲದೆ ದೃಷ್ಟಿ ಕದಿಯುವ ಎರಡು ಕಾಯಿಲೆ ಇವೆ. ಗ್ಲಾಕೋಮಾ ಅಂಚಿನಿಂದ ಶುರುವಾಗಿ ಒಳಕ್ಕೆ ಬರುತ್ತದೆ. ಎದುರಿನದು ಕಾಣುತ್ತಿರುವುದರಿಂದ ರೋಗಿಗೆ ಅನುಮಾನವೇ ಬಾರದು. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಕ್ಕೆ ಆಗುವ ಹಾನಿಯೂ ಹಾಗೆಯೇ. ಇವೆರಡಕ್ಕೂ ಅಕ್ಷರಪಟ ಸಾಲದು. ಕಣ್ಣಿನ ಒತ್ತಡ ಅಳೆಯಬೇಕು, ಪಾಪೆ ಅಗಲಿಸಿ ಒಳಗೆ ನೋಡಬೇಕು. ಸಕ್ಕರೆ ಇರುವವರು ಕಣ್ಣು ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಹೀಗೆ ತೋರಿಸಿಕೊಳ್ಳಬೇಕು ಎನ್ನುವುದು ಇದಕ್ಕಾಗಿ. ‘ಅಕ್ಷರ ಓದಿದರು, ಕಳಿಸಿದೆವು’ ಎಂಬ ಶಿಬಿರ ಇವರಿಗೆ ಸುಳ್ಳು ಭರವಸೆ ಕೊಟ್ಟು ಕಳಿಸುತ್ತದೆ.

ಏನನ್ನು ಎಣಿಸಬೇಕು?

ತೆಲಂಗಾಣ 2018ರ ಆಗಸ್ಟ್ 15ರಂದು ‘ಕಂಟಿ ವೆಲುಗು’ ಆರಂಭಿಸಿ ಮೊದಲ ಸುತ್ತಿನಲ್ಲೇ ಒಂದೂವರೆ ಕೋಟಿಗೂ ಹೆಚ್ಚು ಜನರ ಕಣ್ಣು ನೋಡಿತು. ಕರ್ನಾಟಕದಲ್ಲಿ 2023ರ ಫೆಬ್ರುವರಿಯಲ್ಲಿ ಹಾವೇರಿಯಿಂದ ‘ಆಶಾಕಿರಣ’ ಹೊರಟಿತು. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಪ್ರಾಥಮಿಕ ತಪಾಸಣೆ ಮಾಡುವುದು, ಬೇಕಾದವರಿಗೆ ಕನ್ನಡಕ, ಪೊರೆ ಇದ್ದವರಿಗೆ ಶಸ್ತ್ರಚಿಕಿತ್ಸೆ. ಮಹಾರಾಷ್ಟ್ರವೂ 2017ರಲ್ಲಿ ನೇತ್ರತಜ್ಞ ಡಾ. ತಾತ್ಯಾರಾವ್ ಲಹಾನೆ ಅವರನ್ನು ಮುಂದಿಟ್ಟುಕೊಂಡು ಪೊರೆಮುಕ್ತ ರಾಜ್ಯದ ಅಭಿಯಾನ ನಡೆಸಿತು. ಮನೆಯ ಬಾಗಿಲಿಗೆ ತಪಾಸಣೆ ಬರುವುದು ಸಣ್ಣ ಸಾಧನೆಯಲ್ಲ. ಆದರೆ ಇಂಥ ಎಲ್ಲ ಅಭಿಯಾನಗಳ ಸುದ್ದಿಯಲ್ಲಿ ಮೊದಲು ಬರುವ ಅಂಕಿ ಎಷ್ಟು ಜನರನ್ನು ನೋಡಿದೆವು, ಎಷ್ಟು ಕನ್ನಡಕ ಕೊಟ್ಟೆವು ಎಂಬುದೇ.

ವಿಶ್ವ ಆರೋಗ್ಯ ಸಂಸ್ಥೆ ಈಚೆಗೆ ಬೇರೆ ಲೆಕ್ಕ ಕೇಳುತ್ತಿದೆ. 2021ರ ವಿಶ್ವ ಆರೋಗ್ಯ ಸಭೆಯಲ್ಲಿ ಸದಸ್ಯ ದೇಶಗಳು ಒಪ್ಪಿಕೊಂಡ ಗುರಿ ಎರಡು. 2030ರೊಳಗೆ ದೃಷ್ಟಿದೋಷಕ್ಕೆ ಪರಿಣಾಮಕಾರಿ ಪರಿಹಾರ ಸಿಕ್ಕವರ ಪಾಲು 40 ಶೇಕಡಾ ಅಂಶ ಏರಬೇಕು, ಪೊರೆ ಶಸ್ತ್ರಚಿಕಿತ್ಸೆಯದು 30 ಅಂಶ. ‘ಪರಿಣಾಮಕಾರಿ’ ಎಂದರೆ ಕನ್ನಡಕ ಬೇಕಿದ್ದವರಲ್ಲಿ, ಕನ್ನಡಕ ಸಿಕ್ಕು, ಅದರಿಂದ ಚೆನ್ನಾಗಿ ಕಾಣುತ್ತಿರುವವರು ಎಷ್ಟು ಎಂದು. ಪೆಟ್ಟಿಗೆಯಲ್ಲಿ ಕೂತ ಕನ್ನಡಕ ಈ ಲೆಕ್ಕಕ್ಕೆ ಸೇರುವುದಿಲ್ಲ.

ಹಾಗೆ ಎಣಿಸಲು ದೊಡ್ಡ ಬೊಕ್ಕಸ ಬೇಕಿಲ್ಲ. ಜೂನ್‌ನಲ್ಲಿ ಶಾಲೆ ತೆರೆದಾಗ ತಪಾಸಣೆಯಾದರೆ, ದಸರೆಯ ರಜೆಗೆ ಮುನ್ನ ಒಂದು ಬೆಳಗ್ಗೆ ಶಿಕ್ಷಕರೇ ಪ್ರಾರ್ಥನೆಯ ಸಾಲಿನಲ್ಲಿ ಪಟ್ಟಿ ಹಿಡಿದು ನಿಂತರೆ ಸಾಕು. ಹಾಕಿಕೊಂಡವರು, ಮನೆಯಲ್ಲಿಟ್ಟವರು, ಒಡೆದುಕೊಂಡವರು ಎಂದು ಮೂರು ಗುರುತು. ಒಡೆದುಕೊಂಡವರಿಗೆ ಬದಲಿ ಫ್ರೇಮಿನ ದುಡ್ಡನ್ನು ಕಾರ್ಯಕ್ರಮದ ಅಂದಾಜುಪಟ್ಟಿಯಲ್ಲೇ ಸೇರಿಸಿಡಬೇಕು. ಪುಣೆಯಲ್ಲಿ ಆಪ್ಟೊಮೆಟ್ರಿ ಕಲಿಸುವ ಕಾಲೇಜುಗಳಿವೆ, ಬೆಂಗಳೂರಿನಲ್ಲೂ ಇವೆ. ಮನೆಯಲ್ಲಿಟ್ಟವರ ನಂಬರ್ ಸರಿಯಿದೆಯೇ, ನಿಜಕ್ಕೂ ಬೇಕಿತ್ತೇ ಎಂದು ಮರುಪರೀಕ್ಷೆ ಮಾಡಲು ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಹಚ್ಚಬಹುದು. ಶಾಲೆ ಬಿಟ್ಟು ಹೊರಟ ಮಗುವಿನ ವರ್ಗಾವಣೆ ಪತ್ರದ ಜೊತೆ ಕಣ್ಣಿನ ನಂಬರ್ ಬರೆದ ಚೀಟಿಯನ್ನೂ ಕೊಟ್ಟರೆ, ಮುಂದಿನ ಊರಿನ ಶಾಲೆ ಸೊನ್ನೆಯಿಂದ ಶುರು ಮಾಡಬೇಕಾಗುವುದಿಲ್ಲ.